ಎಂಜಿನ್ನಿಗೆ ನಾನು ಹಾಕಿಸಿದ ತಗಡು

ಮೀನಿನ ಬೆನ್ನಿನ ರೆಕ್ಕೆಯನ್ನು ದಾರದಿಂದ ಕಟ್ಟಿಹಾಕಿದರೆ ಏನಾಗುತ್ತದೆ, ಗೊತ್ತೇ?

ನನ್ನ ಕ್ಲಾಸಿನ ಹುಡುಗಿಯರಿಗೆ ಗೊತ್ತು. ಯಶವಂತಪುರದ ನಮ್ಮ ಸ್ಕೂಲಿನಲ್ಲಿ ಎಂಟನೇ ತರಗತಿಗೆ ಸೈನ್ಸ್ ಪಾಠ ಮಾಡುವವಳು ನಾನೇ. ಮೀನಿನ ಪಾಠ ಬಂತೆಂದರೆ ಹೆಬ್ಬಾಳ ಕೆರೆಯಿಂದ ಒಂದು ಜೀವಂತ ಗೆಂಡೆ ಮೀನು ತರಿಸುತ್ತೇನೆ. ಗಾಜಿನ ತೊಟ್ಟಿ ನಮ್ಮಲ್ಲಿಲ್ಲ. (ಅರ್ಜಿ ಹಾಕಿ ನಾಲ್ಕು ವರ್ಷವಾಯಿತು. ಅರ್ಜಿಯೂ ಈಜಿಕೊಂಡು ಎಲ್ಲಿಗೋ ಹೋಗಿರಬೇಕು.) ಹೆಡ್‌ಮಿಸ್ಟ್ರೆಸ್ ಮನೆಯ ಅಗಲವಾದ ಅಲ್ಯೂಮಿನಿಯಂ ಬೋಗುಣಿಯೇ ನಮ್ಮ ಲ್ಯಾಬೊರೇಟರಿ.

ಮೊದಲು ಬಾಲಕ್ಕೆ ದಾರ ಕಟ್ಟುತ್ತೇನೆ. ಮೀನು ಒದ್ದಾಡುತ್ತದೆ, ಮುಂದೆ ಹೋಗುವುದಿಲ್ಲ. ಅದನ್ನು ಬಿಚ್ಚಿ ಕಿವಿರಿನ ಹಿಂದಿನ ಜೋಡಿ ರೆಕ್ಕೆಗೆ ಕಟ್ಟುತ್ತೇನೆ. ಈಗ ಹೋಗುತ್ತದೆ, ಆದರೆ ತಿರುಗಲು ಬಾರದು, ನಿಲ್ಲಲು ಬಾರದು. ಬೋಗುಣಿಯ ಅಂಚಿಗೆ ಮೂತಿ ಗುದ್ದಿಕೊಳ್ಳುತ್ತದೆ. ಕೊನೆಗೆ ಬೆನ್ನಿನ ರೆಕ್ಕೆ. ಅದನ್ನು ಒತ್ತಿ ಕಟ್ಟಿದರೆ ಮೀನು ನೆಟ್ಟಗೆ ಇರಲಾರದೆ ಮಗ್ಗುಲಿಗೆ ವಾಲುತ್ತದೆ. ಹುಡುಗಿಯರು ‘ಅಯ್ಯೋ ಪಾಪ’ ಎನ್ನುತ್ತಾರೆ. ನಾನು ದಾರ ಕತ್ತರಿಸುತ್ತೇನೆ.

“ನೋಡಿದಿರಾ? ಅಂದಕ್ಕೆ ಅಂತ ಯಾವುದನ್ನೂ ಅಂಟಿಸಿಲ್ಲ. ಏನನ್ನಾದರೂ ಕಟ್ಟಿಹಾಕುವ ಮುಂಚೆ ಅದು ಯಾಕಿದೆ ಅಂತ ಕೇಳ್ಬೇಕು.”

ಹನ್ನೊಂದು ವರ್ಷದಿಂದ ಇದೇ ಡೈಲಾಗು ಹೇಳುತ್ತಿದ್ದೇನೆ.

ಈ ಸಲ ಒಬ್ಬಳು ಎದ್ದು ನಿಂತಳು. “ಮಿಸ್, ಮಲ್ಲೇಶ್ವರದಲ್ಲಿ ಒಬ್ರದ್ದು ಫಾರಿನ್ ಕಾರಿದೆ. ಅದಕ್ಕೆ ಹಿಂದ್ಗಡೆ ಎರಡು ರೆಕ್ಕೆ ಇದೆ. ಅದೇನ್ ಮಾಡುತ್ತೆ?”

“ಬಡಾಯಿ ಕೊಚ್ಚುತ್ತೆ. ಕೂತ್ಕೋ.”

ಕ್ಲಾಸು ಘೊಳ್ಳೆಂದು ನಕ್ಕಿತು. ಇನ್ನೊಬ್ಬಳು ಯಲಹಂಕದ ಕಡೆ ಹಾರುವ ವಿಮಾನದ ಬಾಲದ ಮೇಲಿರುವ ರೆಕ್ಕೆಯ ಸುದ್ದಿ ಎತ್ತಿದಳು. ಅದು ಬಡಾಯಿಯಲ್ಲ, ವಿಮಾನದ ಮೂತಿ ಅತ್ತಿತ್ತ ಹೊರಳದಂತೆ ಹಿಡಿಯುವುದೇ ಅದು, ಬಾಣದ ಹಿಂದಿನ ಗರಿಯೂ ಅದೇ ಕೆಲಸಕ್ಕೇ ಎಂದು ಬೋರ್ಡಿನ ಮೇಲೆ ಚಿತ್ರ ಬರೆದು ತೋರಿಸಿದೆ. ಗಂಟೆ ಹೊಡೆಯಿತು. ಬಹಳ ಖುಷಿಯಿಂದ ಮನೆಗೆ ಬಂದೆ. ರೆಕ್ಕೆಯ ವಿಷಯದಲ್ಲಿ ನನ್ನನ್ನು ಮೀರಿಸುವವರು ಯಶವಂತಪುರದಲ್ಲಿ ಯಾರಿದ್ದಾರೆ?

ಇದ್ದಾರೆ. ಗೊರಗುಂಟೆಪಾಳ್ಯದ ಹೊಂಗೆ ಮರದ ಕೆಳಗೆ ಗಾಡಿ ರಿಪೇರಿ ಮಾಡುವ ರಹೀಮ್ ಸಾಬರು. ಅವರು ಸ್ಕೂಲಿನ ಮೆಟ್ಟಿಲು ಹತ್ತಿದವರಲ್ಲ. ಮೊನ್ನೆ ಭಾನುವಾರ ಅವರು ಹೇಳಿಕೊಟ್ಟ ಪಾಠದಿಂದ ನಾನಿನ್ನೂ ಚೇತರಿಸಿಕೊಂಡಿಲ್ಲ.

ನಮ್ಮ ಮನೆಯ ಮೋಟಾರ್ ಸೈಕಲ್ಲನ್ನು ನೀವು ಬಲ್ಲಿರಿ. ಎರಡು ವರ್ಷದ ಹಿಂದೆ ಇದೇ ಅಂಕಣದಲ್ಲಿ ಅದನ್ನು ಹಾಸ್ಯ ಮಾಡಿ ಬರೆದಿದ್ದೆ. ಹರಾಜಿನಲ್ಲಿ ಬಂದ ಹಳೆಯ ಮಿಲಿಟರಿ ಗಾಡಿ. ಸದ್ದು ಊರಿಗೆಲ್ಲ ಕೇಳುತ್ತದೆ. ಕಾರ್ಖಾನೆಯ ಸ್ಟೋರ್ಸ್‌ನಲ್ಲಿ ಗುಮಾಸ್ತರಾದ ನನ್ನ ಯಜಮಾನರು ಮನೆಗೆ ಬಂದ ಕೂಡಲೇ ಅದನ್ನು ಎಣ್ಣೆಬಟ್ಟೆಯಿಂದ ಒರೆಸಿ, ಆಮೇಲೆ ಕಾಫಿ ಕೇಳುತ್ತಾರೆ. ಅದನ್ನೆಲ್ಲ ಓದಿ ನೀವು ನಕ್ಕಿದ್ದಿರಿ. ‘ನಮ್ಮ ಮನೆಯಲ್ಲೂ ಕೂಗಾಡುವ ಹಳೆಯದೊಂದು ಇದೆ, ಆದರೆ ಅದು ಗಾಡಿಯಲ್ಲ’ ಎಂದು ತುಮಕೂರಿನ ಓದುಗರೊಬ್ಬರು ಕಾಗದ ಬರೆದಿದ್ದರು.

ಆಮೇಲೆ ಆ ಗಾಡಿಯ ಸುದ್ದಿಯನ್ನು ನಾನು ಎತ್ತಲಿಲ್ಲ. ‘ನಿಮ್ಮ ಗಾಡಿ ಏನಾಯ್ತು’ ಎಂದು ಕೆಲವರು ಕೇಳಿದಿರಿ. ಉತ್ತರ ಬರೆಯಲಿಲ್ಲ. ಇವತ್ತು ಬರೆಯುತ್ತೇನೆ. ಇದರಲ್ಲಿ ನಗುವುದಕ್ಕೆ ಏನೂ ಇಲ್ಲ.

ಎಲ್ಲ ಶುರುವಾಗಿದ್ದು ಒಂದು ನೈಲಾನ್ ಸೀರೆಯಿಂದ. ನಮ್ಮಣ್ಣ ಬೊಂಬಾಯಿಯಿಂದ ತಂದುಕೊಟ್ಟದ್ದು, ತಿಳಿ ಗುಲಾಬಿ ಬಣ್ಣ, ನಮ್ಮ ಬೀದಿಗೇ ಮೊದಲನೆಯದು. ಅದನ್ನುಟ್ಟು ಗಾಡಿಯ ಹಿಂದೆ ಒಂದೇ ಕಡೆಗೆ ಕಾಲು ಹಾಕಿ ಕೂತು ಯಾರದೋ ಆರತಕ್ಷತೆಗೆ ಹೊರಟಿದ್ದೆ. ನೆರಿಗೆಯ ಅಂಚು ಹಾರಿ ಎಂಜಿನ್ನಿಗೆ ತಾಗಿತು. ನೈಲಾನ್ ನಿಮಗೆ ಗೊತ್ತಲ್ಲ, ಉರಿಯುವುದಿಲ್ಲ, ಮುದುಡಿ ಕರಗುತ್ತದೆ. ಅಂಗೈಯಗಲ ತೂತು. ಕರಗಿದ್ದು ಪಾದದ ಗಂಟಿಗೆ ಅಂಟಿ ಚರ್ಮವೂ ಬೆಂದಿತು.

ನಾನು ಸುಮ್ಮನಿರುವ ಪೈಕಿಯೇ? “ನಿಮ್ಮ ಗಾಡಿ ನಾನಿನ್ನು ಹತ್ತಲ್ಲ. ಸೀರೆ ಸುಡೋ ಗಾಡಿ ಯಾರಿಗೆ ಬೇಕು?” ಎಂದೆ.

ಅವರ ಮುಖ ಸಪ್ಪಗಾಯಿತು. ಒಂದು ವಿಷಯ ಹೇಳಬೇಕು. ಯಲಹಂಕದ ಒಕ್ಕಲು ಮನೆಯಲ್ಲಿ ಹುಟ್ಟಿ, ದನದ ಹಿಂದೆ ಓಡಾಡಿಕೊಂಡು ಓದಿ ಕೆಲಸಕ್ಕೆ ಸೇರಿದವರು ಅವರು. ಹೆಂಡತಿಯನ್ನು ಹಿಂದೆ ಕೂರಿಸಿಕೊಂಡು ಮೋಟಾರ್ ಸೈಕಲ್ಲಿನಲ್ಲಿ ಊರಿನ ಬೀದಿಯಲ್ಲಿ ಹೋಗುವುದೇ ಅವರ ಪಾಲಿಗೆ ದೊಡ್ಡ ಸಂಭ್ರಮ. ಅವರ ತಾಯಿಗೂ ಅಷ್ಟೆ. ಗಾಡಿಯ ಸದ್ದು ಬೀದಿ ತುದಿಯಲ್ಲಿ ಕೇಳಿದರೆ ಸಾಕು, ಅತ್ತೆ ಜಗಲಿಗೆ ಬಂದು ನಿಲ್ಲುತ್ತಿದ್ದರು.

ಮುಂದಿನ ಭಾನುವಾರ ಅವರು ಸೀಮೆಎಣ್ಣೆ ಡಬ್ಬ ಬಿಡಿಸಿ, ತಗಡನ್ನು ತಟ್ಟಿ ಎಂಜಿನ್ನಿಗೆ ಒಂದು ಮರೆ ಮಾಡಿದರು. ಅದರಲ್ಲಿ ಉದ್ದುದ್ದ ಸೀಳುಗಳಿದ್ದವು.

“ಇದೇನಿದು ಕಿಟಕಿ?” ಎಂದೆ.

“ಒಂಚೂರು ಗಾಳಿ ಆಡ್ಬೇಕು ಕಣೇ.”

“ಬಿಸಿ ಗಾಳಿ ಬರೋದೇ ಆ ಕಿಟಕಿಯಿಂದ. ಪೂರ್ತಿ ಮುಚ್ಚಿ. ಅದಕ್ಕೇನು ಮೂಗಿದ್ಯಾ ಉಸಿರಾಡೋಕೆ?”

ಅವರು ತಲೆ ಕೆರೆದುಕೊಂಡರು. ಮರುದಿನ ಸೀಳುಗಳಿಗೆ ಒಳಗಡೆಯಿಂದ ಆಸ್‌ಬೆಸ್ಟಾಸ್ ಹಾಳೆ ಕೊಟ್ಟು, ಎರಡು ಕಡೆಯೂ ಮುಂದುಗಡೆಯೂ ಮುಚ್ಚಿ, ನಾಲ್ಕು ಸ್ಕ್ರೂ ಬಿಗಿದರು. ಎಂಜಿನ್ನಿನ ಮೈಮೇಲೆ ಸಾಲುಸಾಲಾಗಿ ಎದ್ದಿರುವ ಆ ತೆಳ್ಳನೆಯ ಪಟ್ಟಿಗಳು, ದಿನಾ ಕಡ್ಡಿ ತೂರಿಸಿ ಧೂಳು ತೆಗೆಯುತ್ತಿದ್ದ ಪಟ್ಟಿಗಳು, ಕಣ್ಣಿಗೆ ಕಾಣದಾದವು. ಒಳ್ಳೆಯದೇ ಆಯಿತು ಎಂದುಕೊಂಡೆ. ಅವು ಇರುವುದು ಅಂದಕ್ಕೆ ಎಂದೇ ನಾನು ತಿಳಿದಿದ್ದೆ.

ಸ್ಕೂಲಿಗೆ, ಮಾರ್ಕೆಟ್ಟಿಗೆ ಮೂರು ತಿಂಗಳು ಆರಾಮಾಗಿ ಓಡಾಡಿದೆವು. ಸೀರೆಗೆ ಬಿಸಿ ತಾಗಲಿಲ್ಲ.

ಒಂದು ಮಧ್ಯಾಹ್ನ ಯಲಹಂಕದ ಪಕ್ಕದ ಮನೆಯವರು ಸೈಕಲ್ ತುಳಿದುಕೊಂಡು ಬಂದರು. ಅತ್ತೆಗೆ ಉಬ್ಬಸ. ಮಳೆಗಾಲದಲ್ಲಿ ಜಾಸ್ತಿಯಾಗಿ ಮತ್ತೆ ಇಳಿಯುತ್ತಿತ್ತು. ಈ ಸಲ ಇಳಿದಿರಲಿಲ್ಲ.

“ಅವ್ವಂಗೆ ಉಸ್ರು ಸಿಗ್ತಿಲ್ಲ ಕಣಣ್ಣ. ಬೇಕಾದೋರ್ನೆಲ್ಲ ಕರಿಸ್ಕಳಿ ಅಂದವ್ರೆ ಡಾಕ್ಟ್ರು. ಇಂಗೇ ಒಂಟೋಗು. ನಾನು ಶೆಟ್ಟಿಹಳ್ಳಿಗೋಗಿ ನಿಮ್ ಚಿಕ್ಕಪ್ಪಂಗೂ ತಿಳಿಸ್ತೀನಿ,” ಎಂದು ಹೇಳಿ ಅವರು ಆ ಕಡೆ ಹೋದರು.

ನಾವು ಈ ಕಡೆ ಹೊರಟೆವು. ಅಷ್ಟು ಜೋರಾಗಿ ಅವರು ಎಂದೂ ಓಡಿಸಿದ್ದಿಲ್ಲ. ಹೆಬ್ಬಾಳ ಕೆರೆ ದಾಟಿತು. ಬ್ಯಾಟರಾಯನಪುರದ ಹತ್ತಿರ ರಸ್ತೆ ಏರುವಲ್ಲಿ ಎಂಜಿನ್ನಿನ ಸದ್ದು ಬದಲಾಯಿತು. ಸುಟ್ಟ ವಾಸನೆ ಬಂತು. ಗಾಡಿ ಕಿರ್ರೆಂದು ಎಳೆದಾಡಿ ಅಲ್ಲೇ ನಿಂತುಬಿಟ್ಟಿತು.

ಅವರು ಇಳಿದರು. ಒಂದು ಕ್ಷಣವೂ ಯೋಚಿಸದೆ ಬರಿಗೈಯಲ್ಲಿ ಆ ತಗಡನ್ನು ಹಿಡಿದು ಕಿತ್ತರು. ಸ್ಕ್ರೂ ಸಮೇತ ಕಿತ್ತು ಬಂತು. ಬೆರಳಿನ ಚರ್ಮ ತಗಡಿಗೆ ಅಂಟಿಕೊಂಡಿತು. ತಗಡನ್ನು ರಸ್ತೆಯಾಚೆ ಎಸೆದರು. ಗಾಡಿಯ ಮೇಲಿನ ಸಿಟ್ಟಿಗೆ ಹಾಗೆ ಮಾಡಿದರು ಎಂದುಕೊಂಡೆ.

“ನೀರು ತಂದು ಸುರಿಯೋಣ್ವಾ?” ಎಂದೆ.

“ಬೇಡ. ಕಾದ ಕಬ್ಬಿಣ ಸೀಳಿಹೋಗುತ್ತೆ. ತಾನಾಗೇ ತಣ್ಣಗಾಗ್ಲಿ.”

ಕಾದೆವು. ಒಂದು ಬಸ್ಸು ಬಂತು, ಬಾಗಿಲಲ್ಲೂ ಜನ ಜೋತಾಡುತ್ತಿದ್ದರು, ನಿಲ್ಲಲಿಲ್ಲ. ಅವರು ಮತ್ತೆ ಮತ್ತೆ ಕಿಕ್ ಒತ್ತಿದರು, ಅದು ಅಲುಗಲೂ ಇಲ್ಲ. ನಾನೇನು ಮಾಡುತ್ತಿದ್ದೆ? ಗೊಣಗುತ್ತಿದ್ದೆ. ಹರಾಜಿನ ಗಾಡಿ, ಗುಜರಿ ಗಾಡಿ, ಹೊತ್ತಿಗಾಗದ ಗಾಡಿ. ಕೊನೆಗೆ ಸೀಬೆಹಣ್ಣು ಮಾರಿ ಬರಿದಾಗಿ ವಾಪಸು ಹೋಗುತ್ತಿದ್ದ ಎತ್ತಿನ ಗಾಡಿಯೊಂದು ಸಿಕ್ಕಿತು. ಮೋಟಾರ್ ಸೈಕಲ್ಲನ್ನು ಅಲ್ಲೇ ಬಿಟ್ಟು ಅದರಲ್ಲಿ ಹತ್ತಿದೆವು. ಎತ್ತುಗಳು ಎತ್ತುಗಳ ಹಾಗೆಯೇ ನಡೆದವು.

ಯಲಹಂಕ ತಲುಪಿದಾಗ ಬಾಗಿಲ ಹೊರಗೆ ಬೆಂಕಿ ಹಾಕಿದ್ದರು. ಯಾರೂ ಏನೂ ಹೇಳಬೇಕಾಗಿರಲಿಲ್ಲ.

ಹೋಗುವ ಜೀವದ ಬಾಯಿಗೆ ಮಗ ನೀರು ಬಿಡಬೇಕು. ಒಂದು ಎಲೆ ತುಳಸಿ, ಎರಡು ಚಮಚ ನೀರು, ಅಷ್ಟೇ. ಮನೆ ತುಂಬ ಜನ ಇರಲಿ, ಮಗನ ಕೈಯ ನೀರೇ ಬೇರೆ ಎನ್ನುತ್ತಾರೆ. ಅತ್ತೆಗೆ ಇದ್ದವನು ಒಬ್ಬನೇ ಮಗ. ಆ ನೀರು ಬಿಟ್ಟವರು ಶೆಟ್ಟಿಹಳ್ಳಿಯ ಚಿಕ್ಕಪ್ಪ. ಸುದ್ದಿ ತಿಳಿದ ಕೂಡಲೇ ಆ ಕಡೆಯ ದಾರಿಯಲ್ಲಿ ಅವರು ಸೈಕಲ್ ತುಳಿದು ಬಂದಿದ್ದರು.

ನನ್ನ ಯಜಮಾನರ ಅಕ್ಕ ಸಾಕಮ್ಮ, ಅಂದರೆ ನನ್ನ ಅತ್ತಿಗೆ, ಹೆಣದ ತಲೆದೆಸೆಯಲ್ಲಿ ಕೂತಿದ್ದರು. ತಮ್ಮನನ್ನು ನೋಡಿದ್ದೇ ತಡ, ಎದ್ದು ಬಂದು ಎದೆಗೆ ಗುದ್ದಿದರು.

“ಎಲ್ಡು ಸಲ ಕಣ್ ಬಿಟ್ಳು ಕಣೋ ಅವ್ವ. ಕಿಟ್ಟನ ಗಾಡಿ ಸದ್ದಾ ಅದು ಅಂತ ಕೇಳಿದ್ಳು. ಇಲ್ಲ ಕಣವ್ವ, ಬತ್ತಾನೆ ಅಂದೆ. ಸೈಕಲ್ ತುಳಿಯೋರು ಬಂದ್ರು. ನಿನ್ ಮೋಟ್ರು ಎಲ್ಲೋಗಿತ್ತೋ?”

ಅವರು ಬಾಯಿ ತೆರೆಯುವ ಮುಂಚೆ ನಾನು ಬಾಯಿ ಹಾಕಿದೆ. ನನ್ನ ಬಾಯಿ ನಿಮಗೆ ಗೊತ್ತೇ ಇದೆ.

“ನಾನು ಎಷ್ಟು ಬಡ್ಕೊಂಡೆ ಅತ್ತಿಗೆ, ಆ ಡಬ್ಬಾ ಗಾಡಿ ಬೇಡ ಅಂತ. ಕೇಳಿದ್ರೆ ತಾನೆ? ಇವ್ರಿಗೆ ಹೆತ್ತ ತಾಯಿಗಿಂತ ಗಾಡಿ ಹೆಚ್ಚು.”

ಅವರು ನನ್ನನ್ನು ಒಂದು ಸಲ ನೋಡಿದರು. ಸುಟ್ಟ ಕೈಯನ್ನು ಹೆಗಲಿನ ಟವಲಿನೊಳಗೆ ಮುಚ್ಚಿಕೊಂಡು ತಾಯಿಯ ಕಾಲ ಬಳಿ ಹೋಗಿ ಕೂತರು.

ಹೆತ್ತ ತಾಯಿಗಿಂತ ಗಾಡಿ ಹೆಚ್ಚು. ಈ ಮಾತು ನೆಂಟರಿಷ್ಟರ ಬಾಯಲ್ಲಿ ಊರೆಲ್ಲ ಸುತ್ತಿತು. ಹನ್ನೊಂದನೇ ದಿನ ಯಾರೋ ಅದನ್ನು ನನ್ನ ಎದುರಿಗೇ ಹೇಳಿದರು, ತಾವೇ ಕಂಡುಹಿಡಿದ ಮಾತೆಂಬಂತೆ. ಅತ್ತಿಗೆ ಅದನ್ನು ನಂಬಿದರು. ‘ನಂಗೆ ತಮ್ಮ ಇಲ್ಲ’ ಎಂದರು. ವರ್ಷದ ತಿಥಿಗೆ ಹೋದಾಗ ತಮ್ಮನ ಎಲೆಗೂ ಬಡಿಸಿದರು, ಮುಖ ಮಾತ್ರ ಆ ಕಡೆ ತಿರುಗಿಸಿಕೊಂಡು. ಇವರು ತಲೆ ತಗ್ಗಿಸಿಕೊಂಡು ಉಂಡರು.

ಗಾಡಿಯನ್ನು ಎತ್ತಿನ ಗಾಡಿಯ ಮೇಲೆ ಹಾಕಿ ತಂದು ಹಿತ್ತಲಿನಲ್ಲಿ ನಿಲ್ಲಿಸಿದ್ದಾಯಿತು. ಅಂದಿನಿಂದ ಇವರು ಕಾರ್ಖಾನೆಗೆ ಹೋಗುವುದು ಸೈಕಲ್ಲಿನಲ್ಲಿ. ಕಾಫಿಗೆ ಮುಂಚೆ ಒರೆಸುವುದಕ್ಕೆ ಏನೂ ಉಳಿಯಲಿಲ್ಲ. ಮೊದಲೂ ಮಾತು ಕಡಿಮೆ. ಒಂದೂವರೆ ವರ್ಷದಲ್ಲಿ ಅದೂ ಹೋಯಿತು. ತಾಯಿ ಹೋದ ದುಃಖ ಎಂದುಕೊಂಡೆ. ನನ್ನ ಮೇಲೆ ಸಿಟ್ಟಿರಬಹುದು ಎಂದೂ ಒಮ್ಮೊಮ್ಮೆ ಅನಿಸುತ್ತಿತ್ತು. ಕೇಳಿದೆನೇ? ಇಲ್ಲ. ಪ್ರಶ್ನೆ ಕೇಳುವುದು ನನಗೆ ಕ್ಲಾಸಿನಲ್ಲಿ ಮಾತ್ರ ಅಭ್ಯಾಸ.

ಮೊನ್ನೆ ಭಾನುವಾರ ರಹೀಮ್ ಸಾಬರು ಗಾಡಿ ನೋಡಲು ಬಂದರು. ಯಾರೋ ಕೊಳ್ಳುವವರಿದ್ದಾರಂತೆ. ಇವರು ಸೊಪ್ಪು ತರಲು ಹೋಗಿದ್ದರು. ಹಿತ್ತಲಿಗೆ ನಾನೇ ಕರೆದುಕೊಂಡು ಹೋದೆ. ಸಾಬರು ಗೋಣಿ ಸರಿಸಿ, ಕುಕ್ಕರಗಾಲಿನಲ್ಲಿ ಕೂತು, ಎಂಜಿನ್ನಿನ ಪಕ್ಕದಲ್ಲಿದ್ದ ನಾಲ್ಕು ತೂತುಗಳ ಮೇಲೆ ಬೆರಳಾಡಿಸಿದರು.

“ತಗಡು ತೆಗ್ದ್ರಾ ಕೊನೆಗೆ? ತೆಗೀದೆ ಇದ್ದಿದ್ರೆ ಎಂಜಿನ್ನೇ ಹೋಗ್ತಿತ್ತಮ್ಮಾ.”

“ಯಾಕೆ?” ಎಂದೆ.

“ಅರೆ, ಯಾಕೆ ಅಂದ್ರೆ! ಕಾರಿಗಾದ್ರೆ ರೇಡಿಯೇಟರ್ ಇರ್ತದೆ, ನೀರಿರ್ತದೆ. ಈ ಗಾಡಿಗೆ ಗಾಳೀನೇ ನೀರು. ಇಲ್ನೋಡಿ, ಈ ಪಟ್ಟಿಗಳು. ಇದಕ್ಕೆ ಫಿನ್ನು ಅಂತಾರೆ. ಇದರ ಮಧ್ಯೆ ಗಾಳಿ ಹೋಗಿ ಒಳಗಿನ ಬಿಸಿನೆಲ್ಲಾ ಎಳ್ಕೊಂಡ್ ಹೋಗ್ಬೇಕು. ಮುಚ್ಚಿಬಿಟ್ರೆ? ನಿಧಾನಕ್ಕೆ ಹೋದ್ರೆ ಒಂದಷ್ಟು ದಿನ ತಡ್ಕೊಳ್ತದೆ. ಇಬ್ರು ಕೂತು ಜೋರಾಗಿ ಓಡಿಸಿದ್ರೆ ಪಿಸ್ಟನ್ ಉಬ್ಬಿ ಹಿಡ್ಕೊಂಬಿಡ್ತದೆ.”

ಫಿನ್ನು. ನನ್ನ ಟೀಚರ್ಸ್ ಗೈಡಿನಲ್ಲಿ ಮೀನಿನ ಚಿತ್ರದ ಪಕ್ಕ ಬಾಣದ ಗುರುತು ಹಾಕಿ ಇಂಗ್ಲಿಷಿನಲ್ಲಿ ಅಚ್ಚಾಗಿರುವುದೂ ಇದೇ ಪದ. ಹಿತ್ತಲ ಕಲ್ಲಿನ ಮೇಲೆ ಕೂತುಬಿಟ್ಟೆ.

“ಇದು ಅವರಿಗೆ ಗೊತ್ತಿತ್ತಾ ಸಾಬ್ರೆ?”

“ಗೊತ್ತಿಲ್ದೆ ಏನಮ್ಮಾ! ತಗಡು ಹಾಕ್ದಾಗ್ಲೇ ನಾನು ಜಗಳ ಆಡಿದ್ದೆ. ಬೇಡ ಸಾರ್, ಗಾಡಿ ಕೆಡ್ತದೆ ಅಂದೆ. ನಗ್ತಾ ಇದ್ರು. ‘ಮನೆಯೋರ ಕಾಲು ಸುಡ್ತದೆ ರಹೀಮ್, ಗಾಡಿ ಕೆಟ್ರೆ ನೀನಿದ್ದೀಯಲ್ಲ’ ಅಂದ್ರು.”

ಸಾಬರು ಹೋದರು. ಇವರು ಸೊಪ್ಪಿನ ಚೀಲ ಹಿಡಿದು ಬಂದಾಗ ನಾನಿನ್ನೂ ಅದೇ ಕಲ್ಲಿನ ಮೇಲಿದ್ದೆ.

“ತಗಡಿನಿಂದ ಅಂತ ನಿಮಗೆ ಗೊತ್ತಿತ್ತಾ?” ಎಂದೆ.

ಯಾವ ತಗಡು ಎಂದು ಅವರು ಕೇಳಲಿಲ್ಲ. ಚೀಲ ಕೆಳಗಿಟ್ಟರು.

“ಗೊತ್ತಿತ್ತು.”

“ಅವತ್ತು ತೆಗೆದುಹಾಕಿ ಹೊರಡಬಹುದಿತ್ತಲ್ಲ?”

“ನಾಲ್ಕು ಸ್ಕ್ರೂ ಬಿಚ್ಬೇಕಿತ್ತು. ಐದು ನಿಮಿಷದ ಕೆಲಸ. ಅವ್ವನ ಹತ್ರ ಬೇಗ ಹೋಗ್ಬೇಕಲ್ಲ ಅಂತ...”

ನನಗೆ ಅಳು ತಡೆಯಲಾಗಲಿಲ್ಲ. ಹಿತ್ತಲಿನಲ್ಲಿ, ಪಕ್ಕದ ಮನೆಯವರು ನೋಡುತ್ತಿದ್ದರೂ ಲೆಕ್ಕಿಸದೆ ಜೋರಾಗಿ ಅತ್ತುಬಿಟ್ಟೆ. ಒಂದು ಸೀರೆಗಾಗಿ ಒಬ್ಬ ತಾಯಿಗೆ ಮಗನನ್ನು ತಪ್ಪಿಸಿದೆ. ತಪ್ಪಿಸಿ, ಅವಳ ಹೆಣದ ಮುಂದೆ ನಿಂತು ಅವನನ್ನೇ ಬೈದೆ.

“ಅಲ್ರೀ, ಅಷ್ಟು ಜನರೆದುರು ನಾನು ಹಾಗಂದಾಗಲಾದ್ರೂ ಹೇಳ್ಬಾರ್ದಿತ್ತಾ? ಇವಳೇ ಮುಚ್ಚಿಸಿದ್ದು ಅಂತ ಒಂದು ಮಾತು?”

ಅವರು ನನ್ನ ಪಕ್ಕದಲ್ಲಿ ಕೂತರು. ಬಲಗೈಯ ಎರಡು ಬೆರಳ ತುದಿಯಲ್ಲಿ ಚರ್ಮ ಇವತ್ತಿಗೂ ನುಣುಪಾಗಿದೆ, ಗೆರೆಗಳಿಲ್ಲ.

“ಹೇಳಿದ್ರೆ ಅಕ್ಕ ನಿನ್ನ ಆ ಹೊಸಲು ತುಳಿಯೋಕೆ ಬಿಡ್ತಿರ್ಲಿಲ್ಲ. ನೀನು ಹೊರಗಿಂದ ಬಂದೋಳು, ಸಂಬಂಧ ಬಿಟ್ಟೋದ್ರೆ ಬಿಟ್ಟೋಯ್ತು. ನಾನಾದ್ರೆ ಒಡಹುಟ್ಟಿದೋನು. ಎಷ್ಟು ದಿನ ಅಂತ ಸಿಟ್ಟು ಮಾಡ್ಕೊಂಡಿರ್ತಾಳೆ ಅಂದ್ಕೊಂಡೆ.”

ಒಂದೂವರೆ ವರ್ಷವಾಗಿದೆ.

“ನಾಳೇನೇ ಹೋಗಿ ಹೇಳ್ತೀನಿ,” ಎಂದೆ.

“ಬೇಡ. ನೀನೇನು ಬೇಕೂಂತ ಮಾಡಿದ್ಯಾ? ಯಾರಿಗೂ ಹೇಳ್ಬೇಡ. ನಂಗೆ ಅಭ್ಯಾಸ ಆಗೋಗಿದೆ.”

ಗಂಡಂದಿರು ಮಾತಾಡುವುದಿಲ್ಲ ಎಂದು ನಾವು ಎಷ್ಟು ಸಲ ದೂರುತ್ತೇವೆ? ನಾನಂತೂ ಈ ಅಂಕಣದ ಅರ್ಧ ಆಯುಷ್ಯವನ್ನು ಅದಕ್ಕೇ ಸವೆಸಿದ್ದೇನೆ. ಮಾತಾಡದೆ ಏನನ್ನು ಹೊತ್ತುಕೊಂಡಿದ್ದಾರೆ ಎಂದು ನೋಡಲು ಹೋದವರು ಎಷ್ಟು ಜನ? ನಮ್ಮ ಮಾತು ತಾಗಿದ್ದು ಗೊತ್ತಾಗದಿದ್ದರೆ, ತಾಗಲೇ ಇಲ್ಲ ಎಂದುಕೊಂಡುಬಿಡುತ್ತೇವೆ.

ಎರಡು ದಿನ ಊಟ ಸೇರಲಿಲ್ಲ. ಮೂರನೆಯ ದಿನ ಇದನ್ನು ಬರೆಯಲು ಕೂತೆ. ಇವರಿಗೆ ತೋರಿಸಿಲ್ಲ. (ಅವರ ಮಾತನ್ನು ಮೀರುತ್ತಿರುವುದು ಇದೇ ಮೊದಲು ಎಂದು ನಾನು ಹೇಳಿದರೂ ನೀವು ನಂಬುವುದಿಲ್ಲ.) ಎಲ್ಲರೆದುರು ಹೇಳಿದ ಸುಳ್ಳನ್ನು ಎಲ್ಲರೆದುರೇ ವಾಪಸು ಪಡೆಯಬೇಕು. ಯಲಹಂಕಕ್ಕೆ ಹೋಗಿ ಅತ್ತಿಗೆಯ ಕಿವಿಯಲ್ಲಿ ಹೇಳಿ ಬಂದರೆ ಸಾಲದು. ಶೆಟ್ಟಿಹಳ್ಳಿಯವರಿಗೂ ತಿಳಿಯಬೇಕು, ಹನ್ನೊಂದನೇ ದಿನ ಉಂಡು ಹೋದ ನೆಂಟರಿಗೂ ತಿಳಿಯಬೇಕು.

ಅತ್ತಿಗೆಗೆ ಓದು ಬರುವುದಿಲ್ಲ. ಆದರೆ ಪ್ರತಿ ವಾರ ಮಗಳು ಶಾರದೆ ಈ ಪುಟವನ್ನು ಅವರಿಗೆ ಓದಿ ಹೇಳುತ್ತಾಳೆಂದು ನನಗೆ ಗೊತ್ತು. ತಮ್ಮನ ಹತ್ತಿರ ಮಾತು ಬಿಟ್ಟ ಮೇಲೂ ಅದನ್ನು ನಿಲ್ಲಿಸಿಲ್ಲವಂತೆ. ಇಲ್ಲಿ ತಮ್ಮನ ಸುದ್ದಿ ಏನಾದರೂ ಬರುತ್ತದೇನೋ ಎಂದೇ ಕೇಳಿಸಿಕೊಳ್ಳುತ್ತಾರೋ ಏನೋ.

ಶಾರದಾ, ಇಲ್ಲಿಂದ ಮುಂದಕ್ಕೆ ನಿಧಾನವಾಗಿ ಓದಮ್ಮ.

ಅತ್ತಿಗೆ, ಆ ದಿನ ಗಾಡಿ ನಿಂತದ್ದು ನನ್ನಿಂದ. ಅವ್ವನ ಬಾಯಿಗೆ ಮಗನ ಕೈಯ ನೀರು ತಪ್ಪಿಸಿದವಳು ನಾನು. ಅವರು ಬೇಡವೆಂದಿದ್ದರು, ನಾನು ಮುಚ್ಚಿಸಿದೆ. ನಿಮ್ಮ ಸಿಟ್ಟನ್ನೆಲ್ಲ ನನ್ನ ಮೇಲೆ ಹಾಕಿ, ನಿಮ್ಮ ಹೊಸಲು ನಾನು ತುಳಿಯುವುದಿಲ್ಲ. ಆದರೆ ನಿಮ್ಮ ತಮ್ಮನನ್ನು ಕರೆದು, ಒಂದೇ ಒಂದು ಸಲ, ‘ಉಂಡ್ಯೇನೋ ಕಿಟ್ಟ’ ಎಂದು ಕೇಳುತ್ತೀರಾ?